ಔಷಧ ಎಷ್ಟು ಆಳಕ್ಕೆ ಇಳಿದಿದೆ? ಮನೆ ಕಟ್ಟಿಗೆಯ ಕೆಲವು ಅನುಭವದ ಪಾಠಗಳು

ಸೊಲ್ಲಾಪುರದಿಂದ ಪುಣೆ ರಸ್ತೆ ಹಿಡಿದರೆ ಚಿಂಚೋಳಿ ಎಂಐಡಿಸಿ ಸಿಗುತ್ತದೆ. ಹೊರದೇಶದಿಂದ ಯಂತ್ರ, ಬಿಡಿಭಾಗ ತರಿಸುವ ಕಾರ್ಖಾನೆಗಳಿಗೆ ಆ ಮಾಲು ಬರುವುದು ಪೈನ್ ಮರದ ಪೆಟ್ಟಿಗೆಗಳಲ್ಲಿ, ಪ್ಯಾಲೆಟ್‌ಗಳ ಮೇಲೆ. ಯಂತ್ರ ಒಳಗೆ ಹೋದ ಮೇಲೆ ಪೆಟ್ಟಿಗೆ ಭಂಗಾರದವರ ಪಾಲು. ಅವರ ಕಡೆಯಿಂದ ಹಲಗೆಗಳು ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ಊರುಗಳಿಗೆ ಹೋಗಿ ಯಾರದೋ ಮನೆಯ ಅಟ್ಟ, ಕಿಟಕಿ ಚೌಕಟ್ಟು, ಪತ್ರಾಸ್ ಚಪ್ಪರದ ಅಡ್ಡಪಟ್ಟಿ ಆಗುತ್ತವೆ. ಹೋಗುವಾಗ ಅವುಗಳ ಜೊತೆಗೆ ಒಂದು ಮಾತೂ ಹೋಗುತ್ತದೆ: ‘ಇದು ಟ್ರೀಟೆಡ್ ಕಟ್ಟಿಗೆ.’

ಚೌಕಟ್ಟು, ಬಾಗಿಲು, ಜಂತಿ, ಪಡಸಾಲೆಯ ಕಂಬ, ಇವೇ ನನ್ನ ದುಡಿಮೆ. ಈ ಸೀಮೆಯಲ್ಲಿ ಟ್ರೀಟೆಡ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಜನ ಕಿಸೆಗೆ ಕೈ ಹಾಕುವುದನ್ನು ನೋಡುತ್ತಲೇ ಬಂದಿದ್ದೇನೆ. ಯಾವ ಔಷಧ, ಎಷ್ಟು ಆಳಕ್ಕೆ ಇಳಿದಿದೆ, ಮನೆಯ ಯಾವ ಜಾಗಕ್ಕೆ ಆಗುತ್ತದೆ ಎಂದು ಕೇಳುವವರು ಕಡಿಮೆ. ಸಾಲ ಮಾಡಿ ಮನೆ ಕಟ್ಟುವವರು ಈ ಮೂರನ್ನು ಕೇಳಲೇಬೇಕು ಎಂಬುದು ನನ್ನ ಆಸೆ.

1. ಪೆಟ್ಟಿಗೆಯ ಮುದ್ರೆ ಮನೆಗೆ ಕಾವಲಲ್ಲ

ಪೆಟ್ಟಿಗೆ ಹಲಗೆಯ ಮೇಲೆ ಒಂದು ತೆನೆಯ ಚಿತ್ರ, ದೇಶದ ಹೆಸರಿನ ಎರಡಕ್ಷರ, ಒಂದು ಸಂಖ್ಯೆ, ಕೊನೆಗೆ ‘ಎಚ್‌ಟಿ’ ಎಂಬ ಗುರುತು ಇರುತ್ತದೆ. ‘ಅಣ್ಣಾರ, ಫಾರಿನ್ ಮಾಲ ಐತ್ರೀ, ಒರಲಿ ಮುಟ್ಟಂಗಿಲ್ಲ’ ಎಂದು ಮಾರುವವನು ತೋರಿಸುವುದು ಅದನ್ನೇ. ಎಷ್ಟೋ ಸಲ ಅವನೂ ಹಾಗೆಂದೇ ನಂಬಿರುತ್ತಾನೆ.

ಎಚ್‌ಟಿ ಎಂದರೆ ಕಾಯಿಸಿದ್ದು, ಅಷ್ಟೇ. ಒಂದು ದೇಶದ ಹುಳ ಪೆಟ್ಟಿಗೆಯ ಕಟ್ಟಿಗೆಯಲ್ಲಿ ಕೂತು ಇನ್ನೊಂದು ದೇಶದ ಕಾಡು ಸೇರಬಾರದೆಂದು 2002ರಲ್ಲಿ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಅದರ ಪ್ರಕಾರ ಕಟ್ಟಿಗೆಯ ನಟ್ಟನಡುವೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿ, ಕಡಿಮೆ ಎಂದರೂ 30 ನಿಮಿಷ ಹಾಗೇ ನಿಲ್ಲಬೇಕು. ಅಷ್ಟರಲ್ಲಿ ಒಳಗಿನ ಹುಳ, ಮೊಟ್ಟೆ ಸಾಯುತ್ತವೆ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲದ ಹೊಗೆ ಕೊಟ್ಟದ್ದು. ಅದೂ ಆ ಹೊತ್ತಿಗೆ ಒಳಗಿದ್ದ ಹುಳಕ್ಕೆ ಮಾತ್ರ. ಕಾವು ಆರಿತು, ಹೊಗೆ ಹಾರಿತು. ನಾಳೆ ನೆಲದಿಂದ ಏರಿ ಬರುವ ಒರಲೆಯನ್ನು ತಡೆಯಲು ಆ ಹಲಗೆಯೊಳಗೆ ಏನೂ ಉಳಿದಿಲ್ಲ. ಪೈನ್ ಅಂತೂ ಮೆದು ಕಟ್ಟಿಗೆ, ಒರಲೆಗೆ ಅದಕ್ಕಿಂತ ಸುಲಭದ ಊಟ ಸಿಗುವುದು ಕಷ್ಟ.

ಹಾಗೆಂದು ಪೆಟ್ಟಿಗೆ ಕಟ್ಟಿಗೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೆಲ ಮತ್ತು ಗೋಡೆಯ ಹಸಿ ತಾಗದ ಕಪಾಟು, ಬೆಂಚು, ಸೆಂಟ್ರಿಂಗ್ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಎಣ್ಣೆ ಕಲೆ ಇರುವ, ರಾಸಾಯನಿಕದ ವಾಸನೆ ಹೊಡೆಯುವ ಹಲಗೆಯನ್ನು ಮಲಗುವ ಕೋಣೆಗೆ ತರಬೇಡಿ. ಕಾರ್ಖಾನೆಯಲ್ಲಿ ಅದರ ಮೇಲೆ ಏನು ಚೆಲ್ಲಿದೆ ಎಂದು ಭಂಗಾರದವನಿಗೆ ಗೊತ್ತಿರುವುದಿಲ್ಲ.

2. ಒತ್ತಡ ಎಂದರೆ ಸಿಲಿಂಡರಿನ ಕೆಲಸ

ನಿಜವಾದ ಪ್ರೆಶರ್ ಟ್ರೀಟ್‌ಮೆಂಟ್ ನಡೆಯುವುದು ಉಕ್ಕಿನ ಉದ್ದ ಸಿಲಿಂಡರಿನಲ್ಲಿ. ಒಣಗಿದ ಕಟ್ಟಿಗೆಯನ್ನು ಟ್ರಾಲಿಯ ಮೇಲೆ ಒಳಗೆ ತಳ್ಳಿ ಬಾಗಿಲು ಬಿಗಿಯುತ್ತಾರೆ. ಮೊದಲು ಪಂಪಿನಿಂದ ಗಾಳಿ ಎಳೆಯುತ್ತಾರೆ. ನಮ್ಮ ಪದ್ಧತಿಯಲ್ಲಿ 56 ಸೆಂ.ಮೀ. ಪಾದರಸದಷ್ಟು ನಿರ್ವಾತವನ್ನು ಸುಮಾರು ಅರ್ಧ ತಾಸು ಹಿಡಿಯುತ್ತಾರೆ. ಇದರಿಂದ ಕಟ್ಟಿಗೆಯ ಒಳಗಿನ ಸಣ್ಣ ಸಣ್ಣ ಗೂಡುಗಳಲ್ಲಿದ್ದ ಗಾಳಿ ಹೊರಬರುತ್ತದೆ. ನಿರ್ವಾತ ಬಿಡದೆಯೇ ಔಷಧದ ನೀರು ತುಂಬುತ್ತಾರೆ. ಆಮೇಲೆ ಒತ್ತಡ: ಕಟ್ಟಿಗೆಯ ಜಾತಿ ನೋಡಿ ಚದರ ಸೆಂಟಿಮೀಟರಿಗೆ 3.5ರಿಂದ 12.5 ಕಿಲೋವರೆಗೆ. ಕಟ್ಟಿಗೆ ಇನ್ನು ಕುಡಿಯುವುದಿಲ್ಲ ಎಂದಾಗ ಒತ್ತಡ ಇಳಿಸಿ, ಮೇಲ್ಮೈಯಲ್ಲಿ ಸೋರುವುದನ್ನು ಎಳೆಯಲು ಕೊನೆಗೆ ಮತ್ತೊಮ್ಮೆ ನಿರ್ವಾತ ಕೊಡುತ್ತಾರೆ. ಗೂಡು ತುಂಬ ಔಷಧ ತುಂಬುವ ಈ ವಿಧಾನವನ್ನು 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಪೇಟೆಂಟ್ ಮಾಡಿದ. ಅವನು ತುಂಬುತ್ತಿದ್ದುದು ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ.

ನೀರಿನಲ್ಲಿ ಕರಗಿ ಒಳಗೆ ಹೋಗಿ, ಅಲ್ಲಿ ಗಟ್ಟಿಯಾಗಿ ಕಚ್ಚಿಕೊಂಡು, ಮಳೆಗೆ ತೊಳೆದುಹೋಗದ ಔಷಧವನ್ನು ಕೊಟ್ಟವರು ನಮ್ಮ ದೇಶದವರು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಕೂಡಿಸಿ ‘ಆಸ್ಕು’ ಮಾಡಿದರು. 1938ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಿಸಿಎ ಎಂಬ ಹೆಸರಲ್ಲಿ ಅದು ಜಗತ್ತಿನ ವಿದ್ಯುತ್ ಕಂಬ, ಬೇಲಿ, ಮನೆಗಳ ಕಟ್ಟಿಗೆಯನ್ನು ದಶಕಗಟ್ಟಲೆ ಕಾಯಿತು. ಹಸಿರು ಬಣ್ಣದ ಟ್ರೀಟೆಡ್ ಕಟ್ಟಿಗೆ ಎಂದು ನಾವು ಗುರುತಿಸುವುದು ತಾಮ್ರದ ಆ ಹಸಿರನ್ನೇ. ನಮ್ಮ ಕಟ್ಟಿಗೆ ವಖಾರಗಳಲ್ಲಿ ಕಾಮೇಶನ್ ಅವರ ಹೆಸರು ಕೇಳಿದವರು ಸಿಗುವುದಿಲ್ಲ. ನನಗದು ಬೇಸರದ ಸಂಗತಿ.

ಇಲ್ಲಿ ಕೊಳ್ಳುವವರಿಗೆ ಬೇಕಾದ ಮಾತು ಒಂದಿದೆ. ಹಸಿ ಕಟ್ಟಿಗೆಯ ಗೂಡುಗಳಲ್ಲಿ ಆಗಲೇ ನೀರು ತುಂಬಿರುವುದರಿಂದ ಔಷಧಕ್ಕೆ ಜಾಗವೇ ಇರುವುದಿಲ್ಲ. ತೇವ ಸುಮಾರು ಶೇಕಡ 25ಕ್ಕಿಂತ ಕೆಳಗೆ ಇಳಿದ ಮೇಲೆಯೇ ಸಿಲಿಂಡರಿಗೆ ಹಾಕಬೇಕು. ‘ಮೊನ್ನೆ ಕೊಯ್ದು ನಿನ್ನೆ ಟ್ರೀಟ್ ಮಾಡಿಸಿದ್ದು’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಆ ಮಾಲನ್ನು ಅಲ್ಲೇ ಬಿಡಿ.

3. ಚೇಗು ಔಷಧ ಕುಡಿಯುವುದಿಲ್ಲ, ಬಿಳಿ ಕಟ್ಟಿಗೆ ಕುಡಿಯುತ್ತದೆ

ಮರದ ನಡುವಿನ ಕಪ್ಪು ಚೇಗು ಬೇರೆ, ತೊಗಟೆಯ ಒಳಗಿನ ಬಿಳಿ ಭಾಗ ಬೇರೆ. ಮರ ನಿಂತಿದ್ದಾಗ ನೀರು ಹರಿಯುತ್ತಿದ್ದ ದಾರಿ ಬಿಳಿ ಭಾಗದಲ್ಲಿದೆ, ಔಷಧ ಹೋಗುವುದೂ ಅದೇ ದಾರಿಯಲ್ಲಿ. ಚೇಗಿನಲ್ಲಿ ಆ ದಾರಿಗಳು ಅಂಟು, ರಾಳಗಳಿಂದ ಮುಚ್ಚಿಹೋಗಿರುತ್ತವೆ.

ಐಎಸ್ 401 ಎಂಬ ಭಾರತೀಯ ಮಾನಕ ಕಟ್ಟಿಗೆಗಳನ್ನು ಎರಡು ರೀತಿಯಲ್ಲಿ ವಿಂಗಡಿಸುತ್ತದೆ. ಒಂದು, ಮಣ್ಣಿನಲ್ಲಿ ಅರ್ಧ ಹುಗಿದ ಗೂಟ ಎಷ್ಟು ತಿಂಗಳು ತಾಳುತ್ತದೆ: 120 ತಿಂಗಳಿಗಿಂತ ಹೆಚ್ಚು ತಾಳಿದರೆ ಒಂದನೇ ದರ್ಜೆ, 60ರಿಂದ 120 ಎರಡನೇ ದರ್ಜೆ, 60ಕ್ಕಿಂತ ಕಡಿಮೆ ಮೂರನೇ ದರ್ಜೆ. ಇನ್ನೊಂದು, ಔಷಧ ಎಷ್ಟು ಸುಲಭವಾಗಿ ಇಳಿಯುತ್ತದೆ. ಸಾಗವಾನಿಯ ಚೇಗು ತಾಳಿಕೆಯಲ್ಲಿ ಒಂದನೇ ದರ್ಜೆ, ಔಷಧ ಇಳಿಸುವುದರಲ್ಲಿ ಅತಿ ಹಟಮಾರಿ. ಮಾವಿನದು ಇದಕ್ಕೆ ತದ್ವಿರುದ್ಧ: ಬೇಗ ಹುಳ ಹಿಡಿಯುತ್ತದೆ, ಔಷಧವನ್ನೂ ಬೇಗ ಕುಡಿಯುತ್ತದೆ.

ಆದ್ದರಿಂದ ಹಳೆಯ ಸಾಗವಾನಿಯ ಪೂರಾ ಚೇಗಿನ ತೊಲೆಗೆ ಪ್ರೆಶರ್ ಟ್ರೀಟ್‌ಮೆಂಟ್ ಮಾಡಿಸುವುದು ದುಡ್ಡು ಚೆಲ್ಲಿದಂತೆ. ಮಾವು, ಪೈನ್, ರಬ್ಬರ್ ಮರದಂಥ ಕಟ್ಟಿಗೆಗೆ ಮಾಡಿಸಿದರೆ ಅಗ್ಗದ ಹಲಗೆಯ ಆಯಸ್ಸು ಎಷ್ಟೋ ಪಟ್ಟು ಏರುತ್ತದೆ. ತೊಡಕಾಗುವುದು ಈಗಿನ ತೋಟದ ಸಾಗವಾನಿಯಲ್ಲಿ. ಎಳೆಯ ಮರ ಕಡಿಯುವುದರಿಂದ ಅದರಲ್ಲಿ ಬಿಳಿ ಭಾಗ ಹೆಚ್ಚು. ಬಡಿಗ್ಯಾರು ಚೌಕಟ್ಟಿಗೆ ಬಣ್ಣ ಹೊಡೆದ ಮೇಲೆ ಬಿಳಿ ಕಾಣುವುದಿಲ್ಲ, ಕುಟ್ಟೆ ಹುಳಕ್ಕೆ ಮಾತ್ರ ಕಾಣುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಚೌಕಟ್ಟಿನ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಮಾಲಕರು ‘ಸಾಗವಾನಿಗೂ ಹುಳ ಹತ್ತಿತಲ್ಲ’ ಎಂದು ಹಣೆ ಬಡಿದುಕೊಳ್ಳುತ್ತಾರೆ. ಹತ್ತಿದ್ದು ಸಾಗವಾನಿಯ ಬಿಳಿ ಭಾಗಕ್ಕೆ. ವಖಾರದಲ್ಲಿ ಬಣ್ಣ ಬೀಳುವ ಮೊದಲೇ ನಾಲ್ಕೂ ಮಗ್ಗುಲು ತಿರುಗಿಸಿ ನೋಡಬೇಕು. ಬಿಳಿ ಅಂಚು ಇದ್ದರೆ ಅದನ್ನು ಕೆತ್ತಿಸಬೇಕು, ಇಲ್ಲವೇ ಔಷಧ ಇಳಿಸಬೇಕು.

4. ಬ್ರಶ್ಶಿನ ಔಷಧ ಉಗುರಿನಷ್ಟೂ ಇಳಿಯುವುದಿಲ್ಲ

ಗೋಡೆಯೊಳಗೆ ಹೋಗುವ ಭಾಗಕ್ಕೆ ಡಾಂಬರು, ಗಾಡಿಯ ಸುಟ್ಟ ಎಣ್ಣೆ ಬಳಿಯುವುದು ನಮ್ಮಲ್ಲಿ ಹಳೆಯ ರೂಢಿ. ಡಾಂಬರು ನೀರನ್ನು ಸ್ವಲ್ಪ ತಡೆಯುತ್ತದೆ, ಅದರ ಉಪಕಾರ ಅಷ್ಟು. ಸುಟ್ಟ ಎಣ್ಣೆ ಕಟ್ಟಿಗೆಯ ಔಷಧವೇ ಅಲ್ಲ. ಅದರಲ್ಲಿರುವ ಲೋಹದ ಹೊಲಸು ಕೈಗೆ, ಮಣ್ಣಿಗೆ ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಔಷಧವನ್ನೇ ಬ್ರಶ್ಶಿನಿಂದ ಹಚ್ಚಿದರೂ ಅದು ಒಂದೆರಡು ಮಿಲಿಮೀಟರು ಇಳಿದರೆ ಹೆಚ್ಚು. ಬಿಸಿಲಿಗೆ ಕಟ್ಟಿಗೆ ಬಿರಿದು ಒಂದು ಸೀಳು ಬಿಟ್ಟರೆ ಸಾಕು, ಒರಲೆಗೆ ಔಷಧವಿಲ್ಲದ ದಾರಿ ತೆರೆಯುತ್ತದೆ.

ಸಿಲಿಂಡರು ದೂರವಿರುವ ಹಳ್ಳಿಯವರಿಗೆ ನಾನು ಹೇಳುವುದು ಬೋರಾನಿನ ದಾರಿ. ಬೋರಿಕ್ ಆಮ್ಲ ಮತ್ತು ಬಿಳಿಗಾರ ಕರಗಿಸಿದ ನೀರಿನಲ್ಲಿ ಹಸಿ ಕಟ್ಟಿಗೆಯನ್ನೇ ಮುಳುಗಿಸಿ, ಆಮೇಲೆ ಒತ್ತೊತ್ತಾಗಿ ಪೇರಿಸಿ ತಾಡಪತ್ರಿ ಮುಚ್ಚಿ ಕೆಲವು ವಾರ ಇಟ್ಟರೆ, ಕಟ್ಟಿಗೆಯ ಹಸಿಯ ಮೂಲಕವೇ ಬೋರಾನ್ ಒಳಕ್ಕೆ ಹರಿಯುತ್ತದೆ. ಒತ್ತಡದ ಕೆಲಸಕ್ಕೆ ಒಣ ಕಟ್ಟಿಗೆ ಬೇಕು, ಇದಕ್ಕೆ ಹಸಿಯದೇ ಬೇಕು. ಬಿದಿರಿಗೆ ಬಳಸುವ ಪ್ರಮಾಣ 100 ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಮ್ಲ, 3 ಕಿಲೋ ಬಿಳಿಗಾರ. ದಪ್ಪ ಹಲಗೆಗೆ ಇನ್ನೂ ಗಾಢವಾಗಿ, ಬಿಸಿಯಾಗಿ ಬೇಕಾಗುತ್ತದೆ. ಕೇರಳದ ರಬ್ಬರ್ ಮರ ಪೀಠೋಪಕರಣವಾಗಿ ಬಾಳುತ್ತಿರುವುದು ಬೋರಾನಿನ ಪುಣ್ಯದಿಂದಲೇ. ಆದರೆ ಅದು ನೀರಿಗೆ ಮತ್ತೆ ಕರಗುತ್ತದೆ. ಮಳೆ ಬೀಳುವ, ಮಣ್ಣು ತಾಗುವ ಜಾಗಕ್ಕೆ ಬೇಡ. ಒಳಗಿನ ಅಟ್ಟ, ಜಂತಿ, ಕಪಾಟಿಗೆ ಹೇಳಿ ಮಾಡಿಸಿದಂಥದ್ದು.

5. ಕಟ್ಟಿಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ನೋಡಿ

ನಮ್ಮದು ಒಣ ಸೀಮೆ. ಮಲೆನಾಡಿನಂತೆ ಇಲ್ಲಿ ಮಳೆಯೇ ಕಟ್ಟಿಗೆಯನ್ನು ಕೊಳೆಸುವುದಿಲ್ಲ. ಇಲ್ಲಿಯ ವೈರಿ ನೆಲದೊಳಗಿನದು. ಮಣ್ಣಿನ ಒರಲೆಗೆ ಬದುಕಲು ಹಸಿ ಬೇಕು, ಅದಕ್ಕೇ ಅದು ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೆ ಓಡಾಡುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಈ ಎಳೆದಾಟಕ್ಕೆ ಅಡಿಪಾಯ, ನೆಲಗಟ್ಟು ಬಿರುಕು ಬಿಡುತ್ತವೆ. ಬಚ್ಚಲಿನ ನೀರು ಆ ಬಿರುಕಿಗೆ ಇಳಿದರೆ ಒರಲೆಗೆ ದಾರಿಯೂ ಸಿಕ್ಕಿತು, ಹಸಿಯೂ ಸಿಕ್ಕಿತು. ಹೊಸ ಮನೆಗಳಲ್ಲಿ ಮೊದಲು ಹೋಗುವುದು ಬಚ್ಚಲ ಬಾಗಿಲ ಚೌಕಟ್ಟಿನ ಬುಡ ಎನ್ನುವುದಕ್ಕೆ ಕಾರಣ ಇದೇ.

ಹಳೆಯ ವಾಡೆಗಳನ್ನು, ಮಾಳಿಗೆ ಮನೆಗಳನ್ನು ನೋಡಿ. ಪಡಸಾಲೆಯ ಕಂಬ ಯಾವತ್ತೂ ಮಣ್ಣಿನಲ್ಲಿ ನಿಂತಿಲ್ಲ, ಕೆತ್ತಿದ ಕಲ್ಲಿನ ಪೀಠದ ಮೇಲೆ ನಿಂತಿದೆ. ಕಂಬದ ಬುಡ ಸುತ್ತಲೂ ಕಣ್ಣಿಗೆ ಕಾಣುತ್ತದೆ. ಒರಲೆ ಹತ್ತಿದರೆ ಅದರ ಕೊಳವೆ ಕಲ್ಲಿನ ಮೇಲೆ ಗೆರೆಯಂತೆ ಎದ್ದು ತೋರುತ್ತದೆ, ಮನೆಯವರು ಕಸಬರಿಗೆಯಿಂದಲೇ ಕೆಡಹುತ್ತಿದ್ದರು. ಔಷಧ ಇಲ್ಲದ ಕಾಲದಲ್ಲಿ ಆ ಮನೆಗಳನ್ನು ಉಳಿಸಿದ್ದು ಈ ಕಟ್ಟುವ ಕ್ರಮ. ಅದೇ ಮನೆಯಲ್ಲಿ ಕೆಟ್ಟದ್ದು ಎಲ್ಲಿ ಎಂದರೆ ಮಣ್ಣಿನ ಗೋಡೆಯೊಳಗೆ ಹುದುಗಿದ ಜಂತಿಯ ತುದಿ. ಮಾಳಿಗೆಯ ಮೇಲ್ಮಣ್ಣು ಸೋರಿದ ಕಡೆಯಲ್ಲೆಲ್ಲ ಆ ತುದಿ ಪೊಳ್ಳಾಗಿರುತ್ತದೆ, ಕೆಳಗೆ ಕಾಣುವ ನಡುಭಾಗ ಮಾತ್ರ ಕಬ್ಬಿಣದಂತೆ ಗಟ್ಟಿ. ಹಳೆಯ ಮಾಳಿಗೆ ಬಿಚ್ಚಿಸುವವರು ಜಂತಿಗಳನ್ನು ಒಲೆಗೆ ಹಾಕಬೇಡಿ. ಎರಡು ತುದಿ ಕೊಯ್ದರೆ ಉಳಿದದ್ದು ಹೊಸ ಮನೆಗೆ ಬರುತ್ತದೆ.

ದುಡ್ಡು ಎಲ್ಲಿ ಹಾಕಬೇಕು ಎಂಬ ಲೆಕ್ಕ ಇದರಿಂದಲೇ ಸಿಗುತ್ತದೆ. ಮಣ್ಣಿಗೆ ತಾಗುವ, ಹಸಿ ಗೋಡೆಯೊಳಗೆ ಹೋಗುವ ಕಟ್ಟಿಗೆಗೆ ಒತ್ತಡದ ಔಷಧ ಬೇಕು, ಹೆಚ್ಚು ಪ್ರಮಾಣದಲ್ಲಿ ಬೇಕು. ಅಮೆರಿಕದ ಮಾನಕದಲ್ಲಿ ನೆಲ ಮುಟ್ಟದ ಕಟ್ಟಿಗೆಗೆ ಘನ ಮೀಟರಿಗೆ 4 ಕಿಲೋ ಸಿಸಿಎ ಉಳಿದರೆ ಸಾಕು, ನೆಲಕ್ಕೆ ತಾಗುವುದಕ್ಕೆ 6.4 ಕಿಲೋ ಬೇಕು. ಎರಡೂ ಒಂದೇ ಹಸಿರು, ನೋಡಿ ಹೇಳಲಾಗದು. ಚೌಕಟ್ಟಿನ ಬುಡಕ್ಕೆ ಶಹಾಬಾದಿ ಫರಸಿಯ ತುಂಡು ಕೊಟ್ಟು ನೆಲದಿಂದ ಎತ್ತುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಬಚ್ಚಲಿಗೆ ನಾನು ಕಟ್ಟಿಗೆಯ ಚೌಕಟ್ಟೇ ಬೇಡವೆನ್ನುತ್ತೇನೆ, ಕಲ್ಲಿನದು ಹಾಕಿ. ಅಡಿಪಾಯದ ಹೊತ್ತಿಗೇ ಐಎಸ್ 6313ರ ಪ್ರಕಾರ ಮಣ್ಣಿಗೆ ಒರಲೆ ಔಷಧ ಕೊಡಿಸಿ. ನೆಲ ಹಾಸಿದ ಮೇಲೆ ಅದೇ ಕೆಲಸಕ್ಕೆ ಫರಸಿ ಕೊರೆಯಬೇಕಾಗುತ್ತದೆ.

6. ತುದಿ ನೋಡಿ ಮೋಸ ಹೋಗಬೇಡಿ

ಕಟ್ಟಿಗೆ ಉದ್ದದ ದಿಕ್ಕಿನಲ್ಲಿ ಔಷಧವನ್ನು ಬಹಳ ಬೇಗ ಎಳೆಯುತ್ತದೆ, ಅಡ್ಡ ದಿಕ್ಕಿನಲ್ಲಿ ನಿಧಾನ. ಆದ್ದರಿಂದ ಹಲಗೆಯ ತುದಿ ಯಾವಾಗಲೂ ಪೂರ್ತಿ ಹಸಿರಾಗಿ ಕಾಣುತ್ತದೆ. ನಡುವಿನ ಸಂಗತಿಯೇ ಬೇರೆ ಇರಬಹುದು. ದೊಡ್ಡ ಖರೀದಿ ಇದ್ದರೆ ಒಂದು ಹಲಗೆಯ ದುಡ್ಡು ಹೋಗಲಿ ಎಂದು ನಟ್ಟನಡುವೆ ಕೊಯ್ಯಿಸಿ ನೋಡಿ. ಬಿಳಿ ಭಾಗ ಪೂರ್ತಿ ಬಣ್ಣ ಹಿಡಿದಿರಬೇಕು. ಹೊರಗೆ ಮಾತ್ರ ತೆಳು ಗೆರೆಯಿದ್ದರೆ ಅದು ಅದ್ದಿ ತೆಗೆದದ್ದು, ಇಲ್ಲವೇ ಬರಿ ಬಣ್ಣ.

ಪ್ರಯೋಗಾಲಯದಲ್ಲಿ ಕೊಯ್ದ ಮುಖಕ್ಕೆ ಕ್ರೋಮ್ ಅಜುರಾಲ್ ದ್ರಾವಣ ಸಿಂಪಡಿಸುತ್ತಾರೆ, ತಾಮ್ರ ಇದ್ದಷ್ಟು ಭಾಗ ಗಾಢ ನೀಲಿ ತಿರುಗುತ್ತದೆ. ಬೋರಾನ್ ಬಣ್ಣವಿಲ್ಲದ ಔಷಧ, ಅದನ್ನು ಹಿಡಿಯುವುದು ಅರಿಶಿನದ ಸತ್ವದಿಂದ: ಮೊದಲು ಅದನ್ನು, ಆಮೇಲೆ ಆಮ್ಲ ಬೆರೆಸಿದ ದ್ರಾವಣವನ್ನು ಹಾಕಿದರೆ ಬೋರಾನ್ ಇರುವ ಕಡೆ ಕೆಂಪು, ಇಲ್ಲದ ಕಡೆ ಹಳದಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಕಟ್ಟಿಗೆಯ ಜಾತಿ, ತಾಳಿಕೆ, ಔಷಧಗಳ ವಿಷಯವೇ ಅವರ ಕೆಲಸ. ದೇವಸ್ಥಾನ, ಕಲ್ಯಾಣಮಂಟಪದಂಥ ದೊಡ್ಡ ಕೆಲಸ ಹಿಡಿದವರು ಅಂಥ ಕಡೆ ಕೇಳಿಯೇ ಮುಂದುವರಿಯಬೇಕು.

7. ಕೊಯ್ಯುವುದು, ಕೊರೆಯುವುದು ಮೊದಲು, ಔಷಧ ಆಮೇಲೆ

ಔಷಧ ಇಳಿದ ಹಲಗೆಯನ್ನು ಸೈಟಿಗೆ ತಂದು ಅಳತೆಗೆ ಕೊಯ್ದು, ಕೂಡು ಕೆತ್ತಿ, ತೂತು ಹೊಡೆದರೆ ಒಳಗಿನ ಔಷಧವಿಲ್ಲದ ಭಾಗ ಹೊರಬೀಳುತ್ತದೆ. ಚೌಕಟ್ಟಿನ ಅಳತೆ ನಿಗದಿ ಮಾಡಿ, ಕೂಡು, ಬೋಲ್ಟಿನ ತೂತು ಎಲ್ಲ ಮುಗಿಸಿ ಸಿಲಿಂಡರಿಗೆ ಕಳಿಸುವುದೇ ಸರಿಯಾದ ಕ್ರಮ. ಸೈಟಿನಲ್ಲಿ ಕೊಯ್ಯಲೇಬೇಕಾದರೆ ಕೊಯ್ದ ಮುಖಕ್ಕೆ ತಾಮ್ರದ ಔಷಧವನ್ನು ತಣಿಯುವಷ್ಟು ಹಚ್ಚಿ. ಕೊಯ್ದ ತುದಿಯನ್ನು ಎಂದೂ ನೆಲದ ಕಡೆ ಇಡಬೇಡಿ.

8. ಸೊಲ್ಲಾಪುರದ ಬಿಸಿಲಿಗೆ ಅವಸರ ಆಗದು

ಸಿಲಿಂಡರಿನಿಂದ ಬಂದ ಕಟ್ಟಿಗೆ ನೀರು ಕುಡಿದು ಭಾರವಾಗಿರುತ್ತದೆ. ಕ್ರೋಮಿಯಂ ಇರುವ ಔಷಧ ಕಟ್ಟಿಗೆಯಲ್ಲಿ ಕಚ್ಚಿಕೊಳ್ಳಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಮಳೆ ಬೀಳಬಾರದು, ಬರಿಗೈಯಿಂದ ಮುಟ್ಟಬಾರದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಹಸಿ ಹಲಗೆ ಬಿಟ್ಟರೆ ಸಂಜೆಗೆಲ್ಲ ಸೀಳುತ್ತದೆ, ತಿರುಚುತ್ತದೆ. ನೆರಳಲ್ಲಿ, ಒಂದೊಂದು ಪದರಕ್ಕೂ ಒಣ ಪಟ್ಟಿ ಕೊಟ್ಟು ಪೇರಿಸಿ, ಮೇಲೆ ಭಾರ ಹೇರಿ ಆರಿಸಬೇಕು. ಕೇರಳ, ಮಂಗಳೂರಿನ ಕಡೆಯ ತೇವದ ಗಾಳಿಯಿಂದ ಬಂದ ಕಟ್ಟಿಗೆಗೂ ಇದೇ ಮಾತು. ಬಂದ ದಿನವೇ ಬಾಗಿಲು ಮಾಡಿದರೆ ಬೇಸಿಗೆಯಲ್ಲಿ ಹಲಗೆಗಳ ನಡುವೆ ಬೆಳಕು ಕಾಣುತ್ತದೆ.

9. ಮೊಳೆಯನ್ನೂ ನೋಡಿ

ತಾಮ್ರದ ಔಷಧ ಹಸಿ ಇದ್ದಾಗ ಸಾದಾ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಆರ್ಸೆನಿಕ್ ಇಲ್ಲದ ಹೊಸ ತಾಮ್ರದ ಔಷಧಗಳಲ್ಲಿ ಇದು ಇನ್ನೂ ಹೆಚ್ಚು. ಕಾಯಿಸಿದ ಸತುವಿನಲ್ಲಿ ಅದ್ದಿದ ದಪ್ಪ ಲೇಪದ ಮೊಳೆ, ಬೋಲ್ಟು ಅಥವಾ ಸ್ಟೇನ್‌ಲೆಸ್ ಸ್ಟೀಲಿನವು ಬೇಕು. ಹೊಳೆಯುವ ತೆಳು ಲೇಪದವು ಮನೆಯ ಹೊರಗಿನ ಕೆಲಸಕ್ಕೆ ಬಾಳುವುದಿಲ್ಲ.

10. ಪ್ಲೈವುಡ್ಡಿನ ನೀರು ತಡೆ ಬೇರೆ, ಹುಳದ ತಡೆ ಬೇರೆ

‘ವಾಟರ್‌ಪ್ರೂಫ್’ ಎಂದರೆ ಅಂಟು ನೀರಿಗೆ ಬಿಡುವುದಿಲ್ಲ ಎಂದು ಅರ್ಥ. ಅಂಟಿನ ನಡುವಿನ ಕಟ್ಟಿಗೆಯ ಪದರಕ್ಕೆ ಔಷಧ ಇದೆಯೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಮರೈನ್ ಪ್ಲೈಯ ಮಾನಕವಾದ ಐಎಸ್ 710 ಔಷಧವನ್ನೂ ಕಡ್ಡಾಯ ಮಾಡಿದೆ. ಅಡುಗೆಮನೆಯ ಸಿಂಕಿನ ಕೆಳಗೆ ಅದೇ ಇರಲಿ, ಐಎಸ್‌ಐ ಗುರುತು ಮತ್ತು ಆ ಸಂಖ್ಯೆ ಹಾಳೆಯ ಮೇಲೇ ಅಚ್ಚಾಗಿರುವುದನ್ನು ನೋಡಿ ಕೊಳ್ಳಿ.

11. ಹಳೆಯ ಟ್ರೀಟೆಡ್ ಕಟ್ಟಿಗೆ ಅಗ್ಗಕ್ಕೆ ಸಿಕ್ಕಾಗ

ನಮ್ಮದು ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಕಾರ್ಖಾನೆಗಳ ಹಳೆಯ ಕಟ್ಟಿಗೆಯ ಕೂಲಿಂಗ್ ಟವರುಗಳನ್ನು ಬಿಚ್ಚಿದಾಗ ಬರುವ ಪಟ್ಟಿಗಳು, ರೈಲ್ವೆಯ ಹಳೆಯ ಸ್ಲೀಪರುಗಳು ಹರಾಜಿನಿಂದ ವಖಾರಕ್ಕೆ, ವಖಾರದಿಂದ ಹಳ್ಳಿಗೆ ಬರುತ್ತವೆ. ಸದಾ ನೀರಲ್ಲಿ ನೆನೆಯುವ ಟವರಿನ ಕಟ್ಟಿಗೆಗೆ ಔಷಧವನ್ನು ಮನೆ ಕಟ್ಟಿಗೆಗಿಂತ ಬಹಳ ಹೆಚ್ಚು ತುಂಬಿರುತ್ತಾರೆ, ಆರ್ಸೆನಿಕ್ ಸಮೇತ. ಕ್ರಿಯೋಸೋಟ್ ಹಾಕಿದ ಸ್ಲೀಪರು ಬೇಸಿಗೆಯಲ್ಲಿ ಕಪ್ಪಗೆ ಬೆವರುತ್ತದೆ, ಅದರ ಎಣ್ಣೆಯಲ್ಲಿ ಕ್ಯಾನ್ಸರ್ ತರುವ ವಸ್ತುಗಳಿವೆ.

ಆರ್ಸೆನಿಕ್ಕಿನ ಭಯದಿಂದಲೇ ಅಮೆರಿಕದಲ್ಲಿ 2003ರ ಕೊನೆಗೆ ಮನೆ, ಅಂಗಳ, ಮಕ್ಕಳ ಆಟದ ಜಾಗದ ಕಟ್ಟಿಗೆಗೆ ಸಿಸಿಎ ಹಾಕುವುದನ್ನು ನಿಲ್ಲಿಸಿದರು. ಬದಲಿಗೆ ತಾಮ್ರದ ಬೇರೆ ಔಷಧಗಳು ಬಂದವು. ನಮ್ಮಲ್ಲಿ ಆರ್ಸೆನಿಕ್ ಬದಲು ಬೋರಾನ್ ಬೆರೆಸಿದ ಸಿಸಿಬಿ ಇದೆ. ಮನೆಯೊಳಗಿನ ಕೆಲಸಕ್ಕೆ ನಾನು ಅದನ್ನೇ ಕೇಳಿ ತರಿಸುತ್ತೇನೆ. ಸಿಸಿಎ ಕಟ್ಟಿಗೆ ಹೊಲದ ಬೇಲಿಗೆ, ಗೋದಾಮಿನ ಹೊರಗಿನ ಕಂಬಕ್ಕೆ ಇರಲಿ. ದನದ ಗ್ವಾದಲಿ, ಜೋಳ ತುಂಬುವ ಪೆಟ್ಟಿಗೆ, ಕೂಸಿನ ತೊಟ್ಟಿಲು, ಊಟದ ಮೇಜು, ಕಾಯಿಪಲ್ಲೆ ಮಡಿಯ ಅಂಚು ಇವಕ್ಕೆ ಬೇಡವೇ ಬೇಡ. ದನ ಗ್ವಾದಲಿಯನ್ನು ನೆಕ್ಕುತ್ತದೆ, ಕೂಸು ತೊಟ್ಟಿಲನ್ನು ಕಚ್ಚುತ್ತದೆ.

ನಾನು ಕೈಮುಗಿದು ಹೇಳುವುದು ಸುಡುವ ವಿಷಯ. ನಮ್ಮ ಕಡೆ ಕಟ್ಟಿಗೆಯ ತುಂಡು ಎಂದರೆ ಬಚ್ಚಲ ಒಲೆಗೆ ಎಂದೇ ಲೆಕ್ಕ. ಚಳಿಗಾಲದಲ್ಲಿ ಗೇಟಿನ ಕಾವಲುಗಾರರು ಕೈಗೆ ಸಿಕ್ಕ ಹಲಗೆ ಹಾಕಿ ಬೆಂಕಿ ಕಾಯಿಸುತ್ತಾರೆ. ಸಿಸಿಎ ಕಟ್ಟಿಗೆ ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲೂ ಹೋಗುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯಿಂದ ಪಾತ್ರೆ ತಿಕ್ಕುವವರು, ಅದನ್ನು ತಿಪ್ಪೆಗೆ ಹಾಕಿ ಹೊಲಕ್ಕೆ ಹೊರುವವರು ನಮ್ಮ ಮನೆಯವರೇ. ಆದ್ದರಿಂದ ಕೊಯ್ಯುವಾಗ ಕೆಳಗೆ ತಾಡಪತ್ರಿ ಹಾಸಿ, ಮೂಗಿಗೆ ಬಟ್ಟೆಯ ಬದಲು ಒಳ್ಳೆಯ ಮಾಸ್ಕ್ ಕಟ್ಟಿ, ಪುಡಿಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿಯಿರಿ, ತಿಪ್ಪೆಗೆ ಚೆಲ್ಲಬೇಡಿ. ಉಳಿದ ತುಂಡುಗಳನ್ನು ಬೇಲಿಯ ಗೂಟಕ್ಕೆ ಎತ್ತಿಡಿ. ಕೂಲಿಗೆ ಬಂದವರು ಸಂಜೆ ‘ಒಲಿಗೆ ಒಯ್ಯಲ್ರೀ ಮಾಲಕರ?’ ಎಂದು ಕೇಳಿದರೆ ಸುಮ್ಮನೆ ಇಲ್ಲ ಎನ್ನಬೇಡಿ, ಯಾಕೆ ಬೇಡವೆಂದು ಹೇಳಿ, ಒಲೆಗೆ ಬೇರೆ ಕಟ್ಟಿಗೆ ಕೊಟ್ಟು ಕಳಿಸಿ.